ರತ್ನವ್ವನ ಕಿವಿಗೆ ಬಿದ್ದ ಗೋಡೆ

ಬೆಳಗಿನ ಐದೂವರೆ. ಸಿಡ್ನಿಯ ಲಿವರ್‌ಪೂಲ್‌ನ ಫ್ಲ್ಯಾಟೊಂದರಲ್ಲಿ ರತ್ನವ್ವ ಆಗಲೇ ಹೆಡ್‌ಫೋನ್ ಹಾಕಿ ಕೂತಿದ್ದಾರೆ. ಕಾಲಡಿಯ ಪೆಡಲ್ ಒತ್ತಿದರೆ ಕ್ಯಾಸೆಟ್ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಂದೇ ಸಾಲನ್ನು ಇದು ಹನ್ನೊಂದನೇ ಸಲ ಕೇಳುತ್ತಿದ್ದಾರೆ. ಒಂಬತ್ತಕ್ಕೆ ಮೆಲ್ಬರ್ನ್‌ನಿಂದ ಫೋನ್ ಬರಬೇಕು. ಅವರ ಬಗ್ಗೆ ಬರೆಯಲು ಬಂದ ನಾನು ಅವರು ಕೊಟ್ಟ ಚಹಾ ಹಿಡಿದು ಪಕ್ಕದಲ್ಲಿ ಕೂತಿದ್ದೇನೆ.

ಹುಬ್ಬಳ್ಳಿಯ ವಕೀಲರ ಆಫೀಸಿನಲ್ಲಿ ಹದಿನೆಂಟು ವರ್ಷ ಟೈಪ್ ಮಾಡಿದವರು ಇವರು. ಗಂಡನ ಕೆಲಸದ ನಿಮಿತ್ತ ಇಲ್ಲಿಗೆ ಬಂದ ಮೇಲೆ ಎರಡು ವರ್ಷ ಇಂಟರ್‌ವ್ಯೂಗೆ ಅಲೆದರು. ಬೆರಳು ಚುರುಕು, ಉಚ್ಚಾರ ಮಾತ್ರ ಅರ್ಥವಾಗದು ಎಂದು ಎಲ್ಲರೂ ಸಾಗಹಾಕಿದರು. ಕೊನೆಗೆ ಹಿರಿಯ ವಲಸಿಗರ ನೆನಪುಗಳನ್ನು ಸಂಗ್ರಹಿಸುವ, ಪ್ಯಾರಮಟ್ಟಾದಲ್ಲಿ ಆಫೀಸಿರುವ ಪುಟ್ಟ ಸಂಸ್ಥೆಯೊಂದು ಕ್ಯಾಸೆಟ್ ಕೇಳಿ ಟೈಪ್ ಮಾಡುವ ಕೆಲಸ ಕೊಟ್ಟಿತು. ಒಂದು ಗಂಟೆಯ ಮಾತಿಗೆ ಆರು ಗಂಟೆ ದುಡಿಮೆ. 2006ರ ಈ ಮೇ ತಿಂಗಳಿಗೆ ನಾನೂರು ಕ್ಯಾಸೆಟ್ ಮುಗಿದಿವೆ. ಯಾವ ಹಾಳೆಯಲ್ಲೂ ಇವರ ಹೆಸರಿಲ್ಲ.

ಈಗಿನದು ಮೆಲ್ಬರ್ನ್‌ನ ಎಂಬತ್ತೊಂದರ ಜರ್ಮನ್ ಅಜ್ಜಿ ಎಲ್ಫ್ರೀಡಾ ಅವರ ದನಿ, ಮಾತು ಇಂಗ್ಲಿಷಿನದು. 1945ರ ಏಪ್ರಿಲ್, ಬರ್ಲಿನ್ ಬೀಳುವ ಮುಂಚಿನ ದಿನಗಳು. ಕಚೇರಿಯೊಂದರ ಹಿತ್ತಲಲ್ಲಿ ನಾಜಿ ಅಧಿಕಾರಿಗಳು ಕಡತ ಸುಟ್ಟು, ಕೋಟಿನ ಬಿಲ್ಲೆ ಕಿತ್ತೆಸೆದು, ಜಾಡಮಾಲಿಗಳ ಬಟ್ಟೆ ತೊಟ್ಟು ಪರಾರಿಯಾದದ್ದನ್ನು ಕಂಡೆ ಎನ್ನುತ್ತಾರೆ. ಹಿಂದಿನ ಟೈಪಿಸ್ಟ್ ಮಾತ್ರ ‘ಆಫ್ಟರ್ ದ ಫಾಲ್’ ನೋಡಿದೆ, ಅಂದರೆ ನಗರ ಬಿದ್ದ ಮೇಲೆ ನೋಡಿದೆ, ಎಂದು ಬರೆದುಬಿಟ್ಟಿದ್ದರು. ಅಧಿಕಾರಿಗಳು ಓಡಿದ್ದು ನಗರ ಬೀಳುವ ಮುನ್ನ; ಅಲ್ಲಿಗೆ ಅಜ್ಜಿ ಕಣ್ಣಾರೆ ಕಂಡ ಸಾಕ್ಷಿಯೇ ಅಲ್ಲವೆಂದಾಯಿತು. ಆರು ವರ್ಷದಿಂದ ಅವರ ಮಾತು ಅಂತೆಕಂತೆಗಳ ಪಟ್ಟಿಯಲ್ಲಿದೆ. ಕಣ್ಣಾರೆ ಕಂಡವರ ಮಾತುಗಳನ್ನಷ್ಟೇ ಸೇರಿಸಿ ಸಂಸ್ಥೆ ತರುತ್ತಿರುವ ಪುಸ್ತಕ ನಾಳೆ ಅಚ್ಚಿಗೆ ಹೋಗುತ್ತದೆ.

ರತ್ನವ್ವನಿಗೆ ಕೇಳಿಸಿದ್ದೇ ಬೇರೆ: ‘ಓವರ್ ದ ವಾಲ್’.

“ಫಾಲ್ ಅಲ್ರಿ, ವಾಲ್. ಗ್ವಾಡಿ ಮ್ಯಾಲಿಂದ ನೋಡ್ಯಾರ. ಜರ್ಮನಿಯವರ ಬಾಯಾಗ ಡಬ್ಲ್ಯೂ ಇಲ್ಲ, ನಮ್ಮ ಬಾಯಾಗೂ ಇಲ್ಲ. ಇಬ್ಬರದೂ ಒಂದ ‘ವ’, ಇಲ್ಲಿಯವರ ಕಿವಿಗೆ ಅದು ‘ಫ’ ಆಗತೈತಿ. ಪ್ಯಾರಮಟ್ಟಾ ಆಫೀಸಿನ್ಯಾಗ ನಾ ವಾಲ್ ಅಂದ್ರ ಹುಡುಗ್ಯಾರು ನಗತಾರ.”

ಒಂಬತ್ತು ಐದಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಸಂಸ್ಥೆಯ ಮೆಲ್ಬರ್ನ್ ಶಾಖೆಯ ಉಷಾ, ರತ್ನವ್ವನ ಅನುಮಾನ ಕೇಳಿ ಅಜ್ಜಿಯ ಮನೆಗೇ ಹೋಗಿ ಅಲ್ಲಿಂದ ಮಾತಾಡುತ್ತಿದ್ದಾರೆ. ಹಳೆಯ ಹಾಳೆ ಓದಿ ಹೇಳಿದಾಗ ಅಜ್ಜಿ ಕೆಂಡಾಮಂಡಲವಾದರಂತೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಿದ್ದೆ, ಗೋಡೆ ತರಚಿದ ಕಲೆ ಇನ್ನೂ ಇದೆ ಎಂದು ಮೊಣಕೈ ತೋರಿಸಿದರಂತೆ. ಅವರ ಮಾತು ಪುಸ್ತಕಕ್ಕೆ ಸೇರುವುದು ಖಾತ್ರಿ. ನಾನು ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಿದ್ದೇನೆ.

ಅಜ್ಜಿ ತಾವೇ ಫೋನ್ ತೆಗೆದುಕೊಂಡು ‘ವೆರಿ ವೆಲ್, ವೆರಿ ವೆಲ್’ ಎನ್ನುತ್ತಾರೆ. ಎರಡೂ ಒಂದೇ ‘ವ’. ರತ್ನವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಈ ಸಲವಾದರೂ ನಿಮ್ಮ ಹೆಸರು ಹಾಕಿಸೋಣವೇ ಎಂದು ಉಷಾ ಕೇಳಿದ್ದಕ್ಕೆ ಬೇಡವೆಂದರು. ಮತ್ತೇನು ಬೇಕು ಎಂದು ನಾನು ಕೇಳಿದೆ.

“ಬುಕ್ ಬರಲಿರಿ. ಪ್ಯಾರಮಟ್ಟಾ ಆಫೀಸಿನ್ಯಾಗ ಆ ಸಾಲು ನಾನ ಓದತೀನಿ. ಜೋರಾಗಿ.”