ಮತ್ತಿಗಿರಿಯ ‘ಪ್ಲಾಸ್ಟಿಕ್ ಅಕ್ಕಿ’

ಕೊರೊನಾ ಕಾಲ ಮುಗಿದು ಅಂಗನವಾಡಿಗಳು ಮತ್ತೆ ತೆರೆದ ವರ್ಷ ನಾನು ಹೊಸೂರಿನಲ್ಲಿ ಆಹಾರ ಸುರಕ್ಷತಾ ಅಧಿಕಾರಿಯಾಗಿದ್ದೆ. ಹೋಟೆಲು, ಬೇಕರಿ, ಮಾವಿನ ಮಂಡಿಗಳಲ್ಲಿ ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ. ಕಲಬೆರಕೆ ಮಾಡುವವರೊಡನೆ ಗುದ್ದಾಡಿ ಅಭ್ಯಾಸವಿತ್ತು. ಕಲಬೆರಕೆಯೇ ಇಲ್ಲದ ಕಡೆ ಸೋತದ್ದು ಅದೊಂದೇ ಸಲ.

ಒಂದು ಬೆಳಿಗ್ಗೆ ಕೃಷ್ಣಗಿರಿಯಿಂದ ಮೇಲಧಿಕಾರಿ ಫೋನ್ ಮಾಡಿ ಟೀವಿ ನೋಡಲು ಹೇಳಿದರು. ಸ್ಥಳೀಯ ಚಾನೆಲ್ಲೊಂದರಲ್ಲಿ ಹೊಸೂರಿನ ಪಕ್ಕದ ಮತ್ತಿಗಿರಿಯ ಅಂಗನವಾಡಿಯ ವಿಡಿಯೊ ಬರುತ್ತಿತ್ತು. ಪಾತ್ರೆಯ ನೀರಿನಲ್ಲಿ ತೇಲುತ್ತಿರುವ ಹಳದಿ ಕಾಳುಗಳು, ಕೆಳಗೆ ‘ಕಂದಮ್ಮಗಳ ತಟ್ಟೆಗೆ ಪ್ಲಾಸ್ಟಿಕ್ ಅಕ್ಕಿ’ ಎಂಬ ದಪ್ಪಕ್ಷರ. ಪಕ್ಕದಲ್ಲಿ ಅಡುಗೆಯ ನರಸಮ್ಮನ ಮುಖ, ಅದರ ಸುತ್ತ ಕೆಂಪು ವೃತ್ತ.

ನಾನು ಹೋಗುವಷ್ಟರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೋಗಿದ್ದರು. ಬೆಂದ ಅನ್ನವನ್ನು ಯಾರೋ ಚರಂಡಿಗೆ ಸುರಿದಿದ್ದರು. ನರಸಮ್ಮ ಒಲೆಯ ಪಕ್ಕ ಕುಳಿತಿದ್ದಳು.

“ಅಕ್ಕಿ ನಾನ್ ಮಾಡಿದ್ದಾ ಮೇಡಮ್? ಬಂದಿದ್ನ ಬೇಯಿಸಿ ಇಕ್ತೀನಿ. ನನ್ ಮೊಮ್ಮಗಳೂ ಅದ್ನೇ ತಿಂತಾಳೆ,” ಎಂದಳು.

ಆ ಕಾಳುಗಳನ್ನು ನೋಡಿದೊಡನೆ ನನಗೆ ತಿಳಿಯಿತು. ಅದು ಫೋರ್ಟಿಫೈಡ್ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ವಿಟಮಿನ್ ಬಿ12 ಬೆರೆಸಿ, ಕಾಳಿನ ಆಕಾರಕ್ಕೆ ಒತ್ತಿ, ಮಾಮೂಲಿ ಅಕ್ಕಿಯೊಡನೆ ಸೇರಿಸುತ್ತಾರೆ. ಮಕ್ಕಳ ರಕ್ತಹೀನತೆಗೆಂದು ಸರ್ಕಾರವೇ ಕೊಡುವುದು. ಬಣ್ಣ ತುಸು ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ.

ಸ್ಯಾಂಪಲ್ ಕಳಿಸಿದೆ. ಮಾರನೆಯ ದಿನ ತಾಯಂದಿರನ್ನೂ ಆ ಸುದ್ದಿ ಮಾಡಿದ ಚಾನೆಲ್ಲಿನ ವರದಿಗಾರನನ್ನೂ ಅಂಗನವಾಡಿಗೆ ಕರೆಸಿದೆ. ಎಲ್ಲರೆದುರು ಆ ಕಾಳುಗಳನ್ನು ಸುಟ್ಟೆ. ಪ್ಲಾಸ್ಟಿಕ್ಕಿನಂತೆ ಕರಗಲಿಲ್ಲ, ಸೀದ ಅನ್ನದ ವಾಸನೆ ಬಂತು. ಉಳಿದದ್ದನ್ನು ಬೇಯಿಸಿ ನರಸಮ್ಮನೂ ನಾನೂ ಉಂಡೆವು. ವರದಿಗಾರ ಎಲ್ಲವನ್ನೂ ಚಿತ್ರೀಕರಿಸಿಕೊಂಡ. ಪ್ರಯೋಗಾಲಯದ ವರದಿಯೂ ಅದು ಅಕ್ಕಿಯೇ ಎಂದು ಹೇಳಿತು.

ಚಾನೆಲ್‌ನಲ್ಲಿ ಮಾತ್ರ ಏನೂ ಬರಲಿಲ್ಲ. ಕಾದು ಸಾಕಾಗಿ ಅವನ ಆಫೀಸಿಗೇ ಹೋದೆ. ಕೆಟ್ಟವನಲ್ಲ. ಕುರ್ಚಿ ಒರೆಸಿ ಕೂರಿಸಿ ಟೀ ತರಿಸಿದ. ಸತ್ಯ ಗೊತ್ತಿದ್ದೂ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

“ಮೇಡಮ್, ಪ್ಲಾಸ್ಟಿಕ್ ಅಂದ್ರೆ ನ್ಯೂಸು. ಅಕ್ಕಿ ಅಕ್ಕಿನೇ ಅಂದ್ರೆ ಯಾರ್ ನೋಡ್ತಾರೆ?” ಎಂದ.

ಚಾನೆಲ್‌ನ ಮುಖ್ಯಸ್ಥರಿಗೆ ಇಲಾಖೆಯಿಂದ ಬರೆಸಿದೆ. ಕೊನೆಗೆ ಒಂದು ಮಧ್ಯಾಹ್ನ ರಾಶಿಫಲದ ಕಾರ್ಯಕ್ರಮದ ಕೆಳಗೆ ಒಂದು ಸಾಲು ಓಡಿತು: ‘ಅಕ್ಕಿ ಸುರಕ್ಷಿತ, ಅಧಿಕಾರಿಗಳ ಸ್ಪಷ್ಟನೆ.’ ಕಾರ್ಖಾನೆಗೆ ಹೋಗುವ ತಾಯಂದಿರು ಆ ಹೊತ್ತಿಗೆ ಶಿಫ್ಟಿನಲ್ಲಿದ್ದರು.

ಮನೆಮನೆಗೆ ಹೋದೆ. ಮಂಡ್ಯದ ಕಡೆಯಿಂದ ಬಂದು ಬಿಡಿಭಾಗದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸವಿತಾ ಎಂಬ ತಾಯಿ, ನಾನು ಅನ್ನ ಉಂಡದ್ದನ್ನು ಕಣ್ಣಾರೆ ಕಂಡವಳು, ಬಾಗಿಲಲ್ಲೇ ನಿಂತು ಹೇಳಿದಳು: “ನೀವು ಸುಳ್ಳು ಹೇಳ್ತೀರಿ ಅಂತಲ್ಲ ಮೇಡಮ್. ಟೀವೀಲಿ ತೋರಿಸ್ಬುಟ್ರಲ್ಲ. ನಾಳೆ ಮಗೂಗೆ ಏನಾರ ಆದ್ರೆ, ನೋಡಿನೂ ಕಳಿಸಿದ್ಲು ಅಂತ ನನ್ನೇ ಅಂತಾರೆ.”

ನಾನು ಮುಂದಿನ ಮನೆಗೆ ನಡೆದೆ.

ವರ್ಗವಾಗುವ ಮುನ್ನ ಆ ಅಂಗನವಾಡಿಗೆ ಮತ್ತೊಮ್ಮೆ ಹೋದೆ. ಮಕ್ಕಳು ಬಂದಿದ್ದರು, ಗಲಾಟೆಯೋ ಗಲಾಟೆ. ಸಂತೋಷದಿಂದ ಒಳಗೆ ಹೋದರೆ, ನರಸಮ್ಮ ಮೊರ ಹಿಡಿದು ಆ ಹಳದಿ ಕಾಳುಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕುತ್ತಿದ್ದಳು. ಅವೇ ಸತ್ವದ ಕಾಳು ಎಂದು ನಾನು ಹೇಳಿರಲಿಲ್ಲವೇ ಎಂದು ಕೇಳಿದೆ.

“ಗೊತ್ತು ಮೇಡಮ್,” ಎಂದಳು ತಲೆಯೆತ್ತದೆ. “ಇದ್ನ ತೆಗುದ್ರೇನೆ ಮಕ್ಳು ಬತ್ತಾವೆ.”

ಮಕ್ಕಳ ರಕ್ತಕ್ಕೆ ಸೇರಬೇಕಾದ ಕಬ್ಬಿಣವನ್ನು ಅಂಗಳದ ಕೋಳಿಗಳು ಹೆಕ್ಕುತ್ತಿದ್ದವು.

ಆಹಾರ ಕೆಟ್ಟರೆ ಪ್ರಶ್ನಿಸಲು ಕಾನೂನಿದೆ, ನನ್ನಂಥ ಅಧಿಕಾರಿಗಳಿದ್ದಾರೆ. ಸುದ್ದಿ ಕೆಟ್ಟರೆ ಪ್ರಶ್ನಿಸುವುದು ನೋಡುಗರ ಕೆಲಸವೂ ಹೌದೆಂದು ಈ ನೌಕರಿ ನನಗೆ ಕಲಿಸಿತು. ಆ ವರದಿಗಾರನನ್ನು ಅವನ ಆಫೀಸಿನಲ್ಲಿ ಕೇಳಿದವಳು ನಾನೊಬ್ಬಳೇ. ಊರು ಕೇಳಬೇಕಿತ್ತು.