ಶನಿವಾರ ಕೊಳ್ಳದ ರಿವಾಲ್ವರ್

ಯಾರೋ ನಮ್ಮ ಮನೆಯ ಹಿಂಬಾಗಿಲನ್ನು ಅಲುಗಾಡಿಸಿದಾಗ ನಾನು ಪೂಜೆಗೆ ಕುಳಿತಿದ್ದೆ. ಮಗಳನ್ನು ಶಾಲೆಗೆ ಬಿಟ್ಟು ಬಂದು, ಅಡುಗೆ ಮುಗಿಸಿ, ಸ್ನಾನ ಮಾಡಿ ಕೂರುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಇಷ್ಟಲಿಂಗ ಎಡ ಅಂಗೈಯಲ್ಲಿದ್ದಾಗ ನಡುವೆ ಏಳಬಾರದೆಂಬುದು ನನಗೆ ಚಿಕ್ಕಂದಿನಿಂದ ಬಂದ ರೂಢಿ. ಮುಂಬಾಗಿಲಿನ ಬೆಲ್ ಆಯಿತು, ನಾನು ಏಳಲಿಲ್ಲ. ಮತ್ತೆ ಆಯಿತು, ಆಗಲೂ ಏಳಲಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ಬೆಲ್ ಒತ್ತಿದವನು ತಿಳಿದುಕೊಂಡಿರಬೇಕು. ಪಕ್ಕದ ಗೇಟಿನ ಚಿಲಕದ ಸದ್ದಾಯಿತು, ಹಿತ್ತಲಲ್ಲಿ ಹೆಜ್ಜೆ ಕೇಳಿಸಿತು, ಆಮೇಲೆ ಜಾರುವ ಗಾಜಿನ ಬಾಗಿಲು ಗಡಗಡ ಎಂದಿತು.

ಬಾಗಿಲಿನ ಹಳಿಗೆ ಒಂದು ಮರದ ಕೋಲು ಅಡ್ಡ ಇಟ್ಟಿದ್ದೆವು, ಅದು ತಡೆಯಿತು. ಬಲಗೈಗೆ ಸಿಕ್ಕಿದ್ದು ಪೂಜೆಯ ಗಂಟೆ. ಅದನ್ನೇ ಎತ್ತಿ ಕೈ ಸೋಲುವವರೆಗೆ ಬಾರಿಸಿದೆ. ಹೆಜ್ಜೆಗಳು ಓಡಿದವು. ಎದ್ದು ಹೋಗಿ ನೋಡುವ ಧೈರ್ಯವಿಲ್ಲದೆ ಪೂಜೆಯನ್ನು ಹೇಗೋ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಆಮೇಲೆ ಯಜಮಾನರಿಗೆ ಫೋನ್ ಮಾಡಿದೆ. ಕೋಲು ಇತ್ತಲ್ಲ, ಗಂಟೆ ಕೈಗೆಟುಕಿತಲ್ಲ, ಮಗಳು ಮನೆಯಲ್ಲಿರಲಿಲ್ಲವಲ್ಲ ಎಂದು ಶಿವನಿಗೆ ಕೈ ಮುಗಿದೆ.

ಆಗ ನಾವು ವಾಲ್‌ನಟ್ ಎಂಬ ಊರಿನಲ್ಲಿ ಬಾಡಿಗೆಗಿದ್ದೆವು. ಹತ್ತಿರದ ಎಲ್ ಸೆಗುಂಡೋದಲ್ಲಿದ್ದ ಯಜಮಾನರ ಕೆಲಸ, ಕಂಪನಿಗಳು ಮಂದಿಯನ್ನು ತೆಗೆದುಹಾಕುವ ಕಾಲದಲ್ಲಿ ಹೋಗಿ, ಬಹಳ ತಡವಾಗಿ ಎರಡು ಗಂಟೆ ದಾರಿಯ ಸ್ಯಾನ್ ಡಿಯಾಗೋದಲ್ಲಿ, ಡೆಲ್ ಮಾರ್ ಹತ್ತಿರ, ಇನ್ನೊಂದು ಸಿಕ್ಕಿತ್ತು. ಸೋಮವಾರ ನಸುಕಿನಲ್ಲಿ ಹೊರಟರೆ ಶುಕ್ರವಾರ ಸಂಜೆ ಬರುವರು. ಅಲ್ಲಿ ಇನ್ನಿಬ್ಬರೊಡನೆ ಒಂದು ಮನೆ ಹಂಚಿಕೊಂಡಿದ್ದರು. ಶಾಲೆ ಚೆನ್ನಾಗಿದೆಯೆಂದು ನಾನೂ ಮಗಳೂ ಇಲ್ಲೇ ಉಳಿದಿದ್ದೆವು. ಎದುರು ಮನೆಯ ಗುಜರಾತಿ ಆಂಟಿ ಮದುವೆಗೆ ಹೋಗಿ ಬರುವಷ್ಟರಲ್ಲಿ ಅವರ ಬೀರು ಖಾಲಿಯಾಗಿತ್ತು. ನಮ್ಮಂಥವರ ಮನೆಯಲ್ಲಿ ಬಂಗಾರ ಇರುತ್ತದೆಂದು ಕಳ್ಳರಿಗೆ ಗೊತ್ತು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ನನ್ನಲ್ಲಿದ್ದುದು ತಾಳಿ, ನಾಲ್ಕು ಬಳೆ. ಅದು ಕಳ್ಳನಿಗೆ ಹೇಗೆ ತಿಳಿಯಬೇಕು?

ಶುಕ್ರವಾರ ಊಟಕ್ಕೆ ಕುಳಿತಾಗ ಯಜಮಾನರು ಮಾತು ತೆಗೆದರು.

"ಮನ್ಯಾಗ ಒಂದು ಗನ್ ಇರಬೇಕು."

"ಹಿಡಿಯೋರು ಯಾರು? ನೀವಂತೂ ವಾರೆಲ್ಲಾ ಇರೂದಿಲ್ಲ."

"ನೀನ ಹಿಡೀಬೇಕು."

"ನಾ ಜಿರಳಿ ಹೊಡ್ಯಾಕ ಹಿಂದಮುಂದ ನೋಡಾಕಿ ರೀ."

"ಜಿರಳಿ ಬಾಗಲಾ ಮುರದು ಬರೂದಿಲ್ಲ."

ಮಗಳು ತಟ್ಟೆಯಿಂದ ತಲೆ ಎತ್ತಿ, "ಅಮ್ಮಾ ವಿತ್ ಎ ಗನ್?" ಎಂದು ನಕ್ಕಳು. ನಾವಿಬ್ಬರೂ ನಗಲಿಲ್ಲ. ನಾನೂ ಬೇಡವೆನ್ನಲಿಲ್ಲ. ಆ ವಾರವೆಲ್ಲ ನನ್ನ ದೃಷ್ಟಿ ಲಿಂಗದ ಮೇಲೆ ನಿಂತಿರಲಿಲ್ಲ. ಅಂಗೈಯಲ್ಲಿ ಲಿಂಗ, ಕಣ್ಣು ಹಿಂಬಾಗಿಲಿನ ಮೇಲೆ.

ಶಾಲೆಗೆ ರಜೆ ಬಂದಾಗ ನಾವೂ ಸ್ಯಾನ್ ಡಿಯಾಗೋಗೆ ಹೋದೆವು. ಅಲ್ಲಿ ಬಾಡಿಗೆಗೆ ಬಂದೂಕು ಕೊಟ್ಟು ಹೊಡೆಯಲು ಬಿಡುವ ಒಂದು ಜಾಗವಿತ್ತು. ಮಗಳನ್ನು ಗಾಜಿನ ಗೋಡೆಯಾಚೆ ಕೂರಿಸಿದೆವು. ಹಿಂದೊಮ್ಮೆ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಬಿದ್ದು ನನ್ನ ಬಲ ಮಣಿಕಟ್ಟು ಮುರಿದಿತ್ತು, ಅಂದಿನಿಂದ ಹಿಡಿತ ಕಡಿಮೆ. ಗುಂಡು ಏರಿಸಲು ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಜಗ್ಗಬೇಕಿತ್ತು, ಅದು ನನ್ನಿಂದ ಆಗಲೇ ಇಲ್ಲ. ಮಾಮೂಲಿ ರಿವಾಲ್ವರಿನ ಟ್ರಿಗರ್ ಎಳೆಯಲು ಎರಡು ಬೆರಳು ಹಾಕಬೇಕಾಯಿತು. ಅಲ್ಲಿನ ಮನುಷ್ಯ ಮೂರನೆಯದನ್ನು ತಂದ. ಸಿಂಗಲ್ ಆ್ಯಕ್ಷನ್, ಹಳೆಯ ಕಾಲದ ನಮೂನೆ. ಪ್ರತಿ ಸಲವೂ ಗುಂಡಿಗೆ ಬಡಿಯುವ ಹಿಂದಿನ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಜಗ್ಗಿ ಏರಿಸಬೇಕು. ಏರಿಸಿದ ಮೇಲೆ ಟ್ರಿಗರ್ ಮುಟ್ಟಿದರೆ ಸಾಕು. ಅದು ನನ್ನ ಕೈಗೆ ಬಂತು. ಎಡ ಅಂಗೈಯನ್ನು ಕೆಳಗೆ ಆಸರೆ ಕೊಟ್ಟು ಹಿಡಿ ಎಂದ. ಆ ಅಂಗೈಯಲ್ಲಿ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ. ಒಂದೇ ಕೈಯಲ್ಲಿ ಹಿಡಿದೆ.

ನಾಲ್ಕು ಗುಂಡು ಹೊಡೆದೆ. ಐದನೆಯದಕ್ಕೆ ಹ್ಯಾಮರ್ ಏರಿಸಿದಾಗ ಮಗಳು ಗಾಜನ್ನು ತಟ್ಟಿದಳು. ಕಿವಿಗೆ ಮುಚ್ಚಳವಿದ್ದರೂ ಅದು ಹೇಗೋ ನನಗೆ ತಿಳಿಯಿತು. ಹೊಡೆಯುವುದು ಬೇಡವೆನಿಸಿತು. ಆದರೆ ಏರಿಸಿದ್ದನ್ನು ಇಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಹಾಗೇ ಹಿಡಿದು ನಿಂತೆ. ಆ ಮನುಷ್ಯ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಹೆಬ್ಬೆರಳಲ್ಲಿ ಹ್ಯಾಮರ್ ಒತ್ತಿ ಹಿಡಿದು, ಟ್ರಿಗರ್ ಎಳೆದು, ಹಾವನ್ನು ಬುಟ್ಟಿಗೆ ಬಿಡುವವನ ಹಾಗೆ ನಿಧಾನವಾಗಿ ಇಳಿಸಿದ. ಅಭ್ಯಾಸವಾದರೆ ನಿಮಗೂ ಬರುತ್ತದೆ ಎಂದ.

ಮುಂದಿನ ಶನಿವಾರ ವಾಲ್‌ನಟ್‌ನಿಂದ ಸ್ವಲ್ಪ ದೂರದ ಒಂದು ಅಂಗಡಿಗೆ ಹೋದೆವು. ಎರಡು ಬಾಡಿಗೆ, ಒಂದು ಸಂಬಳ. ಬೀಗದ ಪೆಟ್ಟಿಗೆಯೂ ಸೇರಿ ಮುನ್ನೂರು ಡಾಲರ್ ದಾಟಬಾರದೆಂದು ಕಾರಿನಲ್ಲೇ ಮಾತಾಗಿತ್ತು. ಗ್ರೀನ್ ಕಾರ್ಡ್ ಬಂದಿದ್ದರಿಂದ ಕೊಳ್ಳಲು ಅಡ್ಡಿಯಿರಲಿಲ್ಲ. ಕೌಂಟರಿನಲ್ಲಿ ನನ್ನ ವಯಸ್ಸಿನವಳೇ ಒಬ್ಬ ಹೆಂಗಸಿದ್ದಳು. ಅದೇ ನಮೂನೆಯ, ನಮ್ಮ ಲೆಕ್ಕಕ್ಕೆ ಸಿಕ್ಕುವ ಎರಡು ರಿವಾಲ್ವರನ್ನು ಬಟ್ಟೆಯ ಮೇಲೆ ಇಟ್ಟಳು. ಒಂದು ಯಾರೋ ಬಳಸಿ ಮಾರಿದ್ದು, ಪೂರ್ತಿ ಉಕ್ಕು, ದೊಡ್ಡ ಗುಂಡಿನದು. ಇನ್ನೊಂದು ಹೊಸದು, ಪಾಯಿಂಟ್ ಇಪ್ಪತ್ತೆರಡು ಅಳತೆಯ ಸಣ್ಣ ಗುಂಡಿನದು, ಅದಕ್ಕಿಂತಲೂ ಅಗ್ಗ.

ಯಜಮಾನರು ಉಕ್ಕಿನದನ್ನು ಬಿಡಲೊಲ್ಲರು. "ಇದರ ಸಪ್ಪಳಕ್ಕ ಕಳ್ಳ ಓಡತಾನ. ಅದು ಇಲಿ ಹೊಡ್ಯಾಕ ಅಷ್ಟ."

"ಗಂಟಿ ಸಪ್ಪಳಕ್ಕ ಓಡಿದಾವಗ ಇಷ್ಟ ದೊಡ್ಡದು ಯಾಕ ಬೇಕ್ರಿ?"

ಹಳೆಯದರಲ್ಲಿ ಗುಂಡು ಕೂರುವ ಆರು ಮನೆಗಳಿದ್ದರೂ ಐದೇ ಗುಂಡು ತುಂಬಬೇಕು, ಹ್ಯಾಮರಿನ ಕೆಳಗಿನದು ಖಾಲಿಯಿರಬೇಕು, ಇಲ್ಲವಾದರೆ ಕೈಜಾರಿ ಬಿದ್ದಾಗ ತಾನೇ ಸಿಡಿಯಬಹುದು ಎಂದು ಆ ಹೆಂಗಸು ಹೇಳಿದಳು. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ ಎಂದೆ. ಯಜಮಾನರು ಉಕ್ಕಿನದನ್ನು ತಿರುಗಿ ಅವಳ ಕಡೆಗೆ ಸರಿಸಿದರು. ಸಣ್ಣದೇ ಎಂದಾಯಿತು. ಅಂಗಡಿಯಲ್ಲೇ ನಡೆಯುವ ಬರಹದ ಪರೀಕ್ಷೆಗೆ ಕುಳಿತು ಪಾಸಾದೆ. ದುಡ್ಡು ಕಟ್ಟಲು ಅವರು ಕಾರ್ಡ್ ಹೊರತೆಗೆದಾಗ ನಾನು ಕೈ ಅಡ್ಡ ಹಿಡಿದೆ.

"ಇವತ್ತ ಬ್ಯಾಡ. ಶನಿವಾರ ಕಬ್ಬಣ ತರಬಾರದು."

"ಲಿಂಗಾ ಕಟ್ಟಿಕೊಂಡಾಕಿಗೆ ಶನಿ ಎಲ್ಲಿಂದ ಬಂದಾ ಲೇ?"

"ನಮ್ಮವ್ವ ತರ್ತಿರಲಿಲ್ಲ, ನಾನೂ ತರೂದಿಲ್ಲ."

"ಸುಮ್ನ ಅಗ್ಗಕ್ಕ ಕೊಡಾಕತ್ತಿಲ್ಲ. ಇದು ಕಬ್ಬಣ ಅಲ್ಲ, ತಗಡಿನಂಥಾದ್ದು." ಅವರು ಅವಳತ್ತ ತಿರುಗಿ, ಇದು ಯಾವ ಲೋಹ ಎಂದು ಕೇಳಿದರು. ದೇಹ ಸತುವಿನ ಮಿಶ್ರಲೋಹ ಎಂದಳು. ಅವರು ಗೆದ್ದವರಂತೆ ನನ್ನನ್ನು ನೋಡಿದರು. ನಳಿಗೆಯೂ ಗುಂಡು ತುಂಬುವ ಉರುಳೆಯೂ ಮಾತ್ರ ಉಕ್ಕು ಎಂದು ಅವಳು ಸೇರಿಸಿದಳು.

"ಕೇಳಿದ್ರಿಲ್ಲೋ," ಎಂದೆ.

ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು. "ಹಂಗಾದ್ರ ಸೋಮವಾರ ಬಂದು ನೀನ ರೊಕ್ಕಾ ಕೊಡು, ನೀನ ತಾ," ಎಂದು ಸಿಟ್ಟಿನಿಂದಲೇ ಕಾರು ಹತ್ತಿದರು. ಸೋಮವಾರ ನಾನೊಬ್ಬಳೇ ಹೋಗಿ ದುಡ್ಡು ಕಟ್ಟಿದೆ. ಸರ್ಕಾರದ ನಿಯಮದಂತೆ ಹತ್ತು ದಿನ ಕಾದರೆ ಮುಂದಿನ ವಾರದ ಗುರುವಾರ ಸಿಗುತ್ತದೆಂದರು.

ಆ ದಿನಗಳು ನನಗೆ ಸುಲಭವಾಗಿರಲಿಲ್ಲ. ಬೆಲ್ ಆದಾಗಲೆಲ್ಲ ಕಿಟಕಿಯ ಪರದೆಯ ಅಂಚಿನಿಂದ ನೋಡುವೆ. ಪಾರ್ಸೆಲ್ ತಂದ ಹುಡುಗನಿಗೂ ಬಾಗಿಲು ತೆಗೆಯಲಿಲ್ಲ. ಒಲೆ ಹಚ್ಚುವ ಲೈಟರನ್ನು ಹಿಡಿದಾಗ ಹೆಬ್ಬೆರಳು ತಾನಾಗಿ ಹ್ಯಾಮರ್ ಹುಡುಕುತ್ತಿತ್ತು. ಒಂದು ಸಂಜೆ ಮಗಳು ಹೋಮ್‌ವರ್ಕ್ ಮಾಡುತ್ತಲೇ ಕೇಳಿದಳು, "ಅಮ್ಮಾ, ಹೌ ವಿಲ್ ಯು ನೋ ಇಟ್ಸ್ ನಾಟ್ ಮಿ?"

"ನೀ ಕೂಗು, 'ನಾನು' ಅಂತ."

"ವಾಟ್ ಇಫ್ ಐ ಫರ್‌ಗೆಟ್?"

ಮರೆಯಬೇಡ ಎಂದು ಗದರಿದೆ.

ಗುರುವಾರ ಅಂಗಡಿಯಲ್ಲಿ ಅದೇ ಹೆಂಗಸಿದ್ದಳು. ಒಯ್ಯುವ ಮುನ್ನ ಅದನ್ನು ಸರಿಯಾಗಿ ಹಿಡಿಯಲು ಬರುತ್ತದೆಂದು ತೋರಿಸಬೇಕಿತ್ತು, ಅದು ಕಾನೂನು. ರಿವಾಲ್ವರಿನ ಪಕ್ಕದಲ್ಲಿ ಗುಂಡು ತುಂಬಲು ಇರುವ ಪುಟ್ಟ ಕದ ತೆರೆದೆ. ಒಂದೊಂದೇ ಮನೆ ತಿರುಗಿಸಿ ಖಾಲಿಯಿದೆಯೆಂದು ತೋರಿಸಿದೆ. ಅವಳು ಕೊಟ್ಟ, ಸಿಡಿಯದ ನಕಲಿ ಗುಂಡನ್ನು ತುಂಬಿದೆ, ಹೊರತೆಗೆದೆ, ಬೀಗ ಹಾಕಿ ತೆಗೆದೆ. ಚೆನ್ನಾಗಿದೆ ಎಂದಳು. ಸಹಿ ಮಾಡಲು ಪೆನ್ನನ್ನೂ ಕೊಟ್ಟಳು.

ನಾನು ಪೆನ್ನನ್ನು ಕೆಳಗಿಟ್ಟೆ. ಏರಿಸಿದ್ದನ್ನು ಇಳಿಸುವುದನ್ನೂ ಒಮ್ಮೆ ಮಾಡಿ ನೋಡಬಹುದೇ ಎಂದು ಕೇಳಿದೆ. ಅದು ಪರೀಕ್ಷೆಯಲ್ಲಿಲ್ಲ, ಆದರೂ ಮಾಡಿ ಎಂದಳು. ನಕಲಿ ಗುಂಡನ್ನೇ ಮತ್ತೆ ಒಳಗೆ ಹಾಕಿ, ಮರಳು ತುಂಬಿದ ಡಬ್ಬಿಯತ್ತ ತಿರುಗಿಸಿ ಹಿಡಿಸಿದಳು.

ಏರಿಸಿದೆ. ಅಗ್ಗದ್ದರ ಹ್ಯಾಮರ್ ಸಣ್ಣದು, ನುಣುಪು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಟ್ರಿಗರ್ ಎಳೆದೆ. ಅದು ಜಾರಿ ಟಕ್ಕೆಂದು ಬಿತ್ತು.

ಅಂಗೈ ಸೆರಗಿಗೆ ಒರೆಸಿಕೊಳ್ಳಲು ಹೋದೆ, ಚೂಡಿದಾರ ತೊಟ್ಟಿದ್ದು ಆಗ ನೆನಪಾಯಿತು. ದುಪಟ್ಟಾಕ್ಕೆ ಒರೆಸಿ ಮತ್ತೆ ಏರಿಸಿದೆ. ಈ ಸಲ ಅರ್ಧದವರೆಗೆ ಇಳಿದು ಮತ್ತೆ ಬಿತ್ತು. ಮೂರನೆಯ ಸಲ ಇಳಿಸಲು ಬಂತು. ನಾಲ್ಕನೆಯ ಸಲ ಮತ್ತೆ ಜಾರಿತು. ಸದ್ದು ಅಷ್ಟೇ ಸಣ್ಣದು, ಡಬ್ಬದ ಮುಚ್ಚಳ ಹಾಕಿದಂತೆ. ಅದರ ಮುಂದೆ ನಿಂತವಳು "ನಾನು" ಎನ್ನಲು ಮರೆತಿದ್ದರೆ?

ಹ್ಯಾಮರ್ ಅಗಲವಿರುವವು ಇವೆ, ಆದರೆ ಬೆಲೆ ಜಾಸ್ತಿ ಎಂದು ಅವಳು ಮೆಲ್ಲಗೆ ಹೇಳಿದಳು. ಬೇಡ, ಇದನ್ನು ನಾನು ಒಯ್ಯುವುದಿಲ್ಲ ಎಂದೆ. ಸ್ವಲ್ಪ ಹಿಡಿದುಕೊಂಡು ಉಳಿದ ದುಡ್ಡು ವಾಪಸ್ ಕೊಡುತ್ತೇವೆ ಎಂದಳು. ಒಪ್ಪಿದೆ.

ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಲಾಕ್ ಮಾಡಿಕೊಂಡು ಅವರಿಗೆ ಫೋನ್ ಮಾಡಿದೆ.

"ತಂದಿ?"

"ಇಲ್ಲ."

"ಗುರುವಾರ ಏನ್ ತರಬಾರದು? ಸತುವಾ?"

"ಏರಸಾಕ ಬರ್ತೈತ್ರಿ ನನಗ. ಇಳಸಾಕ ಬರೂದಿಲ್ಲ. ನಾಕ ಸಲದಾಗ ಮೂರ ಸಲಾ ಜಾರಿತು."

"ರೂಢಿ ಆದ್ರ ಬರ್ತೈತಿ ಅಂದಾನಲ್ಲ ಅಲ್ಲಿ ಕಲಸಿದಾವಾ."

"ರೂಢಿ ಆಗೂತನಕ ಮನ್ಯಾಗ ಇರಾಕಿ ನಿಮ್ಮ ಮಗಳು."

ಅವರ ಆಫೀಸಿನಲ್ಲಿ ಯಾರೋ ನಗುತ್ತಿದ್ದುದು ಕೇಳುತ್ತಿತ್ತು.

"ಮತ್ತ ಏನ್ ಮಾಡೂದು? ಆ ಕಳ್ಳ ತಿರುಗಿ ಬಂದ್ರ?"

"ಅದನ್ನ ಕೇಳಾಕ ಫೋನ್ ಮಾಡೀನಿ. ನಮ್ಮನ್ನೂ ಅಲ್ಲೇ ಕರಕೊಂಡ ಹೋಗ್ರಿ."

"ಇಲ್ಲಿ ಆ ಮನಿ ಬಾಡಿಗಿಗೆ ಒಂದ ಬೆಡ್‌ರೂಮ್ ಅಷ್ಟ ಸಿಗತೈತಿ. ಅಕಿ ಸಾಲಿ?"

"ಅಲ್ಲೂ ಸಾಲಿ ಅದಾವು."

"ಅಂಥಾದ್ದು ಇರೂದಿಲ್ಲ."

"ಇರೂದಿಲ್ಲ," ಎಂದೆ. ಅದನ್ನು ಸುಳ್ಳೆನ್ನಲು ಆಗುತ್ತಿರಲಿಲ್ಲ.

ವರ್ಷ ಮುಗಿಯುವ ತನಕವಾದರೂ ಶಾಲೆ ಬಿಡಿಸುವುದು ಬೇಡ ಎಂದರು. ಸರಿ ಎಂದೆ, ಆದರೆ ಅಲ್ಲಿಯ ತನಕ ಬುಧವಾರವೂ ಬರಬೇಕು ಎಂದೆ. ರಸ್ತೆಯ ಟ್ರಾಫಿಕ್ ನೆನೆಸಿಕೊಂಡು ಉಸಿರು ಬಿಟ್ಟರು. "ಬರ್ತೀನಿ ತಗೋ."

ಬಂದರು. ಕೆಲವು ಬುಧವಾರ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು. ಉಳಿದ ದಿನ ನನ್ನ ಪೂಜೆಯ ಹೊತ್ತಿಗೆ ಗುಜರಾತಿ ಆಂಟಿ ಬಂದು ಹಾಲ್‌ನಲ್ಲಿ ಕಾಳು ಆರಿಸುತ್ತ ಕೂರುತ್ತಿದ್ದರು. ತಮ್ಮ ಬೀರು ಒಡೆಸಿಕೊಂಡವರು ನನಗೆ ಕಾವಲು ಕೂತರು. ಆ ಉಪಕಾರವನ್ನು ಯಾವ ಲೆಕ್ಕದಲ್ಲಿ ಇಡಲಿ? ಬೇಸಿಗೆಯಲ್ಲಿ ಸ್ಯಾನ್ ಡಿಯಾಗೋದ ಎರಡನೇ ಮಹಡಿಯ ಒಂದು ಬೆಡ್‌ರೂಮಿಗೆ ಹೋದೆವು. ಮಗಳಿಗೆ ಹಾಲ್‌ನ ಒಂದು ಮೂಲೆ. ಗೆಳತಿಯರನ್ನು ಬಿಡಿಸಿದ್ದಕ್ಕೆ ಅವಳು ಬಹಳ ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಹೆದರಿಕೆ ಹೋಯಿತೆಂದು ಹೇಳಲಾರೆ. ರಾತ್ರಿ ಹೊರಗೆ ಏನಾದರೂ ಸದ್ದಾದರೆ ನಾವಿಬ್ಬರೂ ಏಳುತ್ತೇವೆ. ಯಜಮಾನರು ಬಾಗಿಲಿನ ಕಣ್ಣಿನಲ್ಲಿ ನೋಡುತ್ತಾರೆ, ನಾನು ಹಾಲ್‌ನ ಮೂಲೆಗೆ ಹೋಗಿ ಮಗಳ ಹಾಸಿಗೆಯ ಮೇಲೆ ಕೈಯಾಡಿಸಿ ನೋಡುತ್ತೇನೆ. ಅವಳು ಅಲ್ಲಿರುತ್ತಾಳೆ.