ಕೆಂಪು ಬಾಣ ತೋರಿಸಿದ ತೂತು

ಬೆಳಗಿನ ಐದೂವರೆ. ಪೆರಿಯನಾಯಕನಪಾಳ್ಯದ ಗಿರಣಿಗೆ ಮೊದಲ ಪಾಳಿಯವರು ಹೊರಟಿದ್ದಾರೆ. ಅದೇ ಬೀದಿಯ ಮನೆಯೊಂದರ ಅಡುಗೆಮನೆಯಲ್ಲಿ ಜನನಿ ಲ್ಯಾಪ್‌ಟಾಪ್ ತೆರೆದು ಒಂದು ಫೋಟೊ ಹಾಕುತ್ತಾರೆ. ಬೂದು ಬಣ್ಣದ ಟೀ ಶರ್ಟು, ಅದರ ಹೊಲಿಗೆಯ ಪಕ್ಕ ಉಗುರಿನಷ್ಟು ಕೆಂಪು ಬಾಣದ ಸ್ಟಿಕ್ಕರು, ಬಾಣದ ತುದಿಯಲ್ಲಿ ಸೂಜಿ ಮಾಡಿದ ಸಣ್ಣ ತೂತು. ‘ಈ ಚಿತ್ರ ಚೆನ್ನಾಗಿ ಕಾಣುವಂತೆ ಮಾಡು’ ಎಂದು ಟೈಪ್ ಮಾಡಿ, ಕಾಫಿ ಲೋಟ ಹಿಡಿದು ಕಾಯುತ್ತಾರೆ. ತೂತು ಹಾಗೇ ಉಳಿದಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಮೊದಲ ಗುಟುಕು. ಆರು ತಿಂಗಳಿಂದ ದಿನವೂ ಇದೇ ಫೋಟೊ, ಇದೇ ಪರೀಕ್ಷೆ.

ಮೂವತ್ತೊಂದರ ಜನನಿಯ ಉದ್ಯೋಗವೇನೆಂದು ನೆಂಟರಿಗೆ ಬಿಡಿಸಿ ಹೇಳಲು ಅವರ ತಾಯಿಗೆ ಇನ್ನೂ ಬಂದಿಲ್ಲ. ‘ಕಂಪ್ಯೂಟರಲ್ಲಿ ಏನೋ ಬರೀತಾಳೆ’ ಎಂದು ಮುಗಿಸಿಬಿಡುತ್ತಾರೆ. ಅದೇನೂ ಸುಳ್ಳಲ್ಲ. ಪೀಳಮೇಡಿನ ಪುಟ್ಟ ಕಂಪನಿಯೊಂದು ಫೋಟೊ ತಿದ್ದುವ ಸಾಧನ ಮಾಡಿದೆ. ಅದರಲ್ಲಿ ಇಪ್ಪತ್ತಮೂರು ಫಿಲ್ಟರ್‌ಗಳಿವೆ. ಒಂದು ಬೆಳಕು ಹೆಚ್ಚಿಸುತ್ತದೆ, ಇನ್ನೊಂದು ಮಸುಕು ಕಳೆಯುತ್ತದೆ, ಮತ್ತೊಂದು ಚುಕ್ಕೆ, ಕಲೆಗಳನ್ನು ಅಳಿಸುತ್ತದೆ. ಇವನ್ನು ಆರಿಸಿ ಬಳಸುವವರು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ಅಂದರೆ ಒಪ್ಪಿಸಿದ ಕೆಲಸವನ್ನು ತಾವೇ ನಿರ್ಧರಿಸಿ ಮುಗಿಸುವ ತಂತ್ರಾಂಶಗಳು. ಯಾವ ಫಿಲ್ಟರ್ ಎಲ್ಲಿ ಎಂದು ಅವು ಕಲಿಯುವುದು ಒಂದು ಕೈಪಿಡಿ ಓದಿ. ಆ ಕೈಪಿಡಿ ಬರೆಯುವವರು ಜನನಿ. ಅದರಲ್ಲಿ ಬರೆದವರ ಹೆಸರು ಹಾಕುವ ರೂಢಿಯಿಲ್ಲ.

“ಜನಕ್ಕೆ ಬರೆದ್ರೆ ಅರ್ಧ ಹೇಳಿದ್ರೂ ಪುರಿಯುತ್ತೆ, ತಿಳ್ಕೊತಾರೆ. ಇದು ಹಂಗಲ್ಲ. ನಾನು ಏನು ಬರೀತೀನೋ ಅದನ್ನ ಹಂಗೇ ಮಾಡುತ್ತೆ” ಎನ್ನುತ್ತಾರೆ. ಒಂದು ವಾಕ್ಯ ಬರೆದು ನಲವತ್ತು ಫೋಟೊಗಳ ಮೇಲೆ ಪರೀಕ್ಷಿಸಬೇಕು. ದಿನಕ್ಕೆ ಮೂರು ವಾಕ್ಯ ಗಟ್ಟಿಯಾದರೆ ಅಂದಿನ ಕೆಲಸ ಸಾರ್ಥಕ.

ಹಾಗೆ ಪರೀಕ್ಷಿಸದೆ ಬಿಟ್ಟದ್ದು ಒಂದೇ ವಾಕ್ಯ. ಕಲೆ ಅಳಿಸುವ ಫಿಲ್ಟರ್‌ನ ವಿವರದಲ್ಲಿ ‘ಯಾವ ಚಿತ್ರಗಳಿಗೆ ಸೂಕ್ತ?’ ಎಂಬ ಅಂಕಣ ಖಾಲಿ ಇತ್ತು. ಶುಕ್ರವಾರ ಸಂಜೆ, ಬಸ್ಸಿಗೆ ಹೊತ್ತಾಗಿತ್ತು. ‘ಎಲ್ಲ ಬಗೆಯ ಚಿತ್ರಗಳಿಗೂ’ ಎಂದು ತುಂಬಿಸಿ ಎದ್ದರು. “ಖಾಲಿ ಬಿಟ್ರೆ ಚೆಂದ ಕಾಣಲ್ಲ ಅಂತ ಬರೆದದ್ದು. ಬೇರೆ ಕಾರಣ ಇಲ್ಲೆ” ಎನ್ನುವಾಗ ಅವರು ಮುಖ ಎತ್ತುವುದಿಲ್ಲ.

ಆ ಮೂರು ಪದ ಹೋಗಿ ಬಡಿದದ್ದು ತಿರುಪ್ಪೂರಿನಲ್ಲಿ ಬನಿಯನ್, ಟೀ ಶರ್ಟು ಹೊಲಿಯುವ ಒಂದು ಬನಿಯನ್ ಕಂಪನಿಯ ಶಿವಗಾಮಿ ಅವರಿಗೆ. ನಲವತ್ತಾರರ ಶಿವಗಾಮಿ ಹತ್ತೊಂಬತ್ತು ವರ್ಷಗಳಿಂದ ಚೆಕಿಂಗ್ ಮೇಜಿನವರು. ಬಟ್ಟೆಯ ಒಳಮೈ ಮೇಲೆ ಬೆರಳಾಡಿಸಿ, ದೋಷ ಕಂಡಲ್ಲಿ ಕೆಂಪು ಬಾಣ ಅಂಟಿಸುತ್ತಾರೆ. ಅದರ ಫೋಟೊ ತೆಗೆದು ಆಫೀಸಿಗೆ ಕಳಿಸುತ್ತಾರೆ. ಅಲ್ಲಿ ಆ ಫೋಟೊಗಳನ್ನು ಒಪ್ಪವಾಗಿಸಿ ಮೇಲಿನವರಿಗೆ ಕಳಿಸುವ ಕೆಲಸ ಒಂದು ಎಐ ಏಜೆಂಟ್‌ಗೆ ಬಂತು. ಅದು ಜನನಿಯ ಕೈಪಿಡಿ ಓದಿತು, ತೂತುಗಳನ್ನು ಚುಕ್ಕೆಗಳೆಂದು ಅಳಿಸಿತು. ದೊಡ್ಡದಾಗಿದ್ದ ಬಾಣಗಳು ಮಾತ್ರ ಉಳಿದವು. ನೂರ ಹನ್ನೆರಡು ಬಾಣ, ಎಲ್ಲವೂ ನುಣ್ಣನೆ ಬಟ್ಟೆಯತ್ತ.

ಅಷ್ಟರಲ್ಲಿ ಆ ಬಟ್ಟೆಗಳು ಹೊರಗಡೆ ರಿಪೇರಿಯಾಗಿ ಸಾಗಿಹೋಗಿದ್ದವು. ತೋರಿಸಲು ಶಿವಗಾಮಿ ಬಳಿ ಏನೂ ಇರಲಿಲ್ಲ. ನಲವತ್ತು ಜನರೆದುರು ಸೂಪರ್‌ವೈಸರ್ ‘ಕಣ್ಣು ಕಾಣುತ್ತೋ ಇಲ್ಲವೋ’ ಎಂದು ಕೇಳಿ, ನೂಲಿನ ತುದಿ ಕತ್ತರಿಸುವ ಕೆಲಸಕ್ಕೆ ಹಾಕಿದರು. ಹನ್ನೆರಡನೆಯ ದಿನ ಯಾರೋ ಕ್ಯಾಮೆರಾದ ಮೂಲ ಫೋಟೊ ತೆರೆದು ನೋಡಿದರು. ‘ಮೇಜಿಗೆ ವಾಪಸ್ ಬಾ’ ಎಂದಷ್ಟೇ ಹೇಳಿ ಕಳಿಸಿದರು. ನೀನು ನೋಡಿದ್ದು ಸರಿ ಎಂದು ಯಾರೂ ಹೇಳಲಿಲ್ಲ.

ಬನಿಯನ್ ಕಂಪನಿಯಿಂದ ಜನನಿಗೆ ಬಂದದ್ದು ಒಂದು ಸಾಲಿನ ದೂರು, ಜೊತೆಗೊಂದು ಬೂದು ಟೀ ಶರ್ಟಿನ ಫೋಟೊ. ವಾಕ್ಯ ತಿದ್ದಲು ಹತ್ತು ನಿಮಿಷ ಸಾಕಾಯಿತು. ಆಮೇಲೆ ಆ ಬಾಣ ಕಣ್ಣಿಗೆ ಬಿತ್ತು. ಅವರ ತಾಯಿ ಇದೇ ಬೀದಿಯ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆಯಲ್ಲಿ ದೋಷ ಹುಡುಕಿದವರು. “ಅಮ್ಮನ ಬೆರಳು ಬಟ್ಟೆ ಮೇಲೆ ಓಡೋದು ನೋಡಿ ಬೆಳೆದವಳು ನಾನು. ತೂತು ತೋರ್ಸೋದೂ ಒಂದು ಕೆಲ್ಸ ಅಂತ ಬೇರೆ ಯಾರಿಗೆ ಮರೆತ್ರೂ ನಂಗೆ ಮರೀಬಾರ್ದಿತ್ತು.” ತಾಯಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ನಾಚಿಕೆಯಿಂದ ಬಾಯಿ ಬರುವುದಿಲ್ಲ.

ಬಾಣ ಅಂಟಿಸಿದವರು ಯಾರೆಂದು ವಿಚಾರಿಸಿ, ಆ ಭಾನುವಾರ ಬಸ್ಸು ಹತ್ತಿ ತಿರುಪ್ಪೂರಿನ ಶಿವಗಾಮಿಯ ಮನೆಗೆ ಹೋದರು. ಮಾತು ತಮಿಳಿನಲ್ಲಿ ಶುರುವಾಯಿತು. ಶಿವಗಾಮಿ ಒಳಗೆ ತಿರುಗಿ ಸೊಸೆಗೆ ಕನ್ನಡದಲ್ಲಿ ಕಾಫಿ ಇಡಲು ಹೇಳಿದಾಗ, ಇವರದೂ ತನ್ನ ಮನೆಮಾತೇ ಎಂದು ತಿಳಿದು ಜನನಿಗೆ ಮತ್ತಷ್ಟು ಕುಗ್ಗಿದಂತಾಯಿತು. “ಅಕ್ಕಾ, ನಿಮ್ಮ ಫೋಟೊದಲ್ಲಿ ತೂತು ಅಳಿಸಿದ ಆ ಮಾತು ಬರೆದದ್ದು ನಾನು” ಎಂದು ಕನ್ನಡದಲ್ಲೇ ಹೇಳಿಬಿಟ್ಟರು.

ಶಿವಗಾಮಿ ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. “ಬೈಸಿಕೊಂಡದ್ದು ಇರ್ಲಿ ಅಮ್ಮಿಣಿ. ಆ ಫೋಟೊ ನೋಡಿ ನನ್ನ ಕಣ್ಣನ್ನ ನಾನೇ ನಂಬ್ಲಿಲ್ಲೆ. ಕಣ್ಣಾಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬಂದೆ” ಎಂದರು. ಕಾಫಿ ತಣ್ಣಗಾಯಿತು, ಜನನಿಗೆ ಕುಡಿಯಲಾಗಲಿಲ್ಲ.

ಈಗ ಕೈಪಿಡಿಯ ಆ ಅಂಕಣದಲ್ಲಿ ಹೀಗಿದೆ: ‘ದೋಷ ತೋರಿಸಲು ತೆಗೆದ ಚಿತ್ರಕ್ಕೆ ಇದನ್ನು ಬಳಸಬೇಡ. ಬಾಣವೋ ಗುರುತೋ ಕಂಡರೆ ನಿಲ್ಲಿಸಿ ಕೇಳು.’ ಪ್ರತಿ ಫಿಲ್ಟರ್‌ಗೂ ‘ಎಲ್ಲಿ ಬಳಸಬಾರದು’ ಎಂಬ ಭಾಗ ಬಂದಿದೆ. ಕೊನೆಯಲ್ಲಿರುವ ಬದಲಾವಣೆಗಳ ಪಟ್ಟಿಯಲ್ಲಿ ‘ಮೊದಲು ತಪ್ಪು ಬರೆದವರು: ಜನನಿ’ ಎಂದು ಅವರೇ ಸೇರಿಸಿದ್ದಾರೆ. ಇಡೀ ಕೈಪಿಡಿಯಲ್ಲಿ ಅವರ ಹೆಸರಿರುವುದು ಅಲ್ಲಿ ಮಾತ್ರ.

ಆ ನಲವತ್ತು ಜನರೆದುರು ತಾವೇ ನಿಂತು ‘ಶಿವಗಾಮಿ ನೋಡಿದ್ದೇ ಸರಿ’ ಎಂದು ಹೇಳಬೇಕೆಂಬುದು ಜನನಿಯ ಆಸೆ. ಅದಕ್ಕೆ ಅವಕಾಶ ಕೇಳಿ ಬನಿಯನ್ ಕಂಪನಿಗೆ ಎರಡು ಸಲ ಬರೆದಿದ್ದಾರೆ, ಉತ್ತರವಿಲ್ಲ. ಹೊಸ ಸಾಲನ್ನು ಫೋನಿನಲ್ಲಿ ಓದಿ ಹೇಳಿದಾಗ ಶಿವಗಾಮಿ ಕೇಳಿದ್ದು ಒಂದೇ.

“ಇದನ್ನ ಯಾರು ಓದ್ತಾರೆ?”

“ಜನ ಯಾರೂ ಓದಲ್ಲ ಅಕ್ಕಾ. ಮಿಷಿನ್ ಓದುತ್ತೆ.”

“ಹಂಗಾದ್ರೆ ನನ್ನ ಹೆಸರೂ ಹಾಕು. ತೂತು ಇತ್ತು, ಶಿವಗಾಮಿ ನೋಡಿದ್ಳು ಅಂತ. ಮಿಷಿನ್‌ಗಾದ್ರೂ ಗೊತ್ತಿರ್ಲಿ.”